ಮುಚ್ಚಳ

ಅಜ್ಜಿ ಅರ್ಷಲೂಯ್ಸ್ ಬಂದಾಗಲೆಲ್ಲ ಕೇಳುವುದು ಇದೇ:
"ಬಿಸಿನೀರಲ್ಲಿ ಇಟ್ಟು ನೋಡಿದೆಯಾ, ಷೋಗೆರ್ ಜಾನ್?
ತಳಕ್ಕೊಂದು ಪೆಟ್ಟು ಕೊಟ್ಟು ನೋಡಿದೆಯಾ?"
ಅಷ್ಟರಾಕಿನ ಡಬ್ಬಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಏಪ್ರಿಕಾಟು, ಎಳೆ ಅಕ್ರೋಟಿನ ಮುರಬ್ಬ ತುಂಬಿ
ಜಾಡಿಗಳ ಬಾಯಿ ಬಿಗಿದವಳು.
ತೆರೆಯದ ವಸ್ತು ಲೋಕದಲ್ಲಿ ಇದೆಯೆಂದರೆ
ನಂಬುವ ಪೈಕಿ ಅಲ್ಲ.

ಇದು ನಾಲ್ಕನೆಯ ದಿನ.
ಗ್ರಂಥಾಲಯದ ಇದ್ದೊಂದು ಕಂಪ್ಯೂಟರಿನ ಮುಂದೆ
ಕೋಟು ಬಿಚ್ಚದೆ ಕೂತಿದ್ದಾಳೆ.
ಕೈಚೀಲದಲ್ಲಿ ಪಿಂಚಣಿ ಕಚೇರಿಯ ಕಾಗದ:
ಮೂರು ವರ್ಷದ ದುಡಿಮೆಗೆ ಪುರಾವೆ ಇಲ್ಲ.
ಪುರಾವೆ ಇರುವುದು ದೂರದ ರೊಸ್ತೊವಿನಲ್ಲಿ,
ಹಳೆಯ ಲೆಕ್ಕಿಗ ಹ್ಮಾಯಕನ ಬಳಿ.
ಅವನು ಕಳಿಸಿದ್ದಾನೆ, ಸುಳ್ಳಲ್ಲ;
ಇಮೇಲಿನ ಬೆನ್ನಿಗೆ ಕಟ್ಟಿದ ಗಂಟು ಕಾಣುತ್ತಿದೆ,
ಮೂಲೆ ಮಡಿಸಿದ ಬೂದು ಹಾಳೆಯ ಚಿತ್ರ.
ಒತ್ತಿದರೆ: ತೆರೆಯಲಾಗುತ್ತಿಲ್ಲ.
ಮತ್ತೆ ಒತ್ತಿದರೆ: ತೆರೆಯಲಾಗುತ್ತಿಲ್ಲ.
ಕೆಳಗೆ 'ಸರಿ' ಎನ್ನುವ ಒಂದೇ ಗುಂಡಿ.
"ಏನು ಸರಿ?" ಎನ್ನುತ್ತಾಳೆ ಅಜ್ಜಿ. "ಏನೂ ಸರಿಯಿಲ್ಲವಲ್ಲ!"

ಮೊದಲ ದಿನ ಅರ್ಧವೇ ಇಳಿದಿತ್ತು,
ಅಲ್ಲಿ ಇನ್ನೂರ ಹನ್ನೆರಡು, ಇಲ್ಲಿ ತೊಂಬತ್ತು.
ಮತ್ತೆ ಇಳಿಸಿದೆ. ತೂಕ ಸರಿಹೋಯಿತು.
"ಹಾಗೆ ಹೇಳು, ಜಾಡಿ ತುಂಬಿರಲಿಲ್ಲ" ಎಂದಳು.
ಎರಡನೆಯ ದಿನ ಗೊತ್ತಾಯಿತು
ಹೆಸರಿಗೆ ಬಾಲವೇ ಇಲ್ಲವೆಂದು,
ಚುಕ್ಕಿಯ ಆಚೆಗಿನ ಆ ಮೂರಕ್ಷರ.
ಬಾಲವಿಲ್ಲದ್ದು ಯಾವ ಪ್ರಾಣಿಯೆಂದು ಯಂತ್ರಕ್ಕೇನು ಗೊತ್ತು?
ಚಿತ್ರದ ಬಾಲ ಅಂಟಿಸಿದೆ; ಒದ್ದಿತು.
ಹಳೇ ವರ್ಡಿನ ಬಾಲ ಅಂಟಿಸಿದೆ,
ಎದ್ದು ನಿಂತಿತು!

ನಿಂತದ್ದೇನೋ ನಿಜ.
ಆದರೆ ನಮ್ಮ ಅರ್ಮೇನಿಯನ್ ಅಕ್ಷರ ಎಲ್ಲಿ?
ಪುಟದ ತುಂಬ ಪರದೇಶಿಗಳು,
ತಲೆಮೇಲೆ ಜೋಡಿಚುಕ್ಕಿ, ಟೋಪಿ, ಗಲ್ಲದಡಿ ಕೊಕ್ಕೆ,
ದಾರಿ ತಪ್ಪಿ ಯಾರದೋ ಮನೆಗೆ ನುಗ್ಗಿದ ದಿಬ್ಬಣ.
ಅಂಕಿಗಳು ಮಾತ್ರ ಅಂಕಿಗಳಾಗಿಯೇ ಇದ್ದವು:
೧೯೯೨, ೧೯೯೩, ೧೯೯೪.
ಅಜ್ಜಿ ಅವುಗಳ ಮೇಲೆ ಬೆರಳಾಡಿಸಿದಳು.
ಪರದೆ ಜಿಡ್ಡಾಯಿತು.

ಆ ಕಾಲದ ಫಾಂಟು ಬೇಕು.
ಮುದ್ರಣಾಲಯದ ಸೆದ್ರಾಕನಿಗೆ ಫೋನು ಮಾಡಿದೆ.
ಇದೆ ಎಂದ, ಇಮೇಲಿಗೆ ಲಗತ್ತಿಸಿ ಕಳಿಸಿದ.
ಅಪಾಯಕಾರಿ ಎಂದು ಬಾಗಿಲಲ್ಲೇ ತಡೆಯಿತು.
ಗಂಟು ಬಿಚ್ಚಲು ಬಂದ ಗಂಟೂ ಬಿಚ್ಚದೆ
ಮೂರನೆಯ ದಿನ ಕಳೆಯಿತು.
ಇವತ್ತು ಅವನೇ ಬಂದ,
ಕಸಾಖ್ ಹೊಳೆಯ ಸೇತುವೆ ದಾಟಿ, ಹಿಮ ತುಳಿದು,
ಎದೆಜೇಬಿನಲ್ಲಿ ಪೆನ್‌ಡ್ರೈವ್,
ಇನ್ನೊಂದರಲ್ಲಿ ಒಣಗಿಸಿದ ಪೀಚ್.

ಅಕ್ಷರಗಳು ಒಂದೊಂದಾಗಿ ಅಲ್ಲ, ಒಮ್ಮೆಗೇ ಬದಲಾದವು,
ತರಗತಿಗೆ ಮೇಷ್ಟರು ಬಂದಾಗ ಹುಡುಗರ ಮುಖ ಬದಲಾದಂತೆ.
ಹೆಸರುಗಳು, ಮತ್ತೆ ಹೆಸರುಗಳು,
ನಲವತ್ತೊಂದನೆಯ ಸಾಲಿನಲ್ಲಿ
ಅರ್ಷಲೂಯ್ಸ್, ಮುಚ್ಚಳ ವಿಭಾಗ.
ಮೂರು ವರ್ಷ. ಸಂಬಳ ಬಾಕಿ ಹನ್ನೊಂದು ತಿಂಗಳು.
ನಾನು ಚಪ್ಪಾಳೆ ತಟ್ಟಿದೆ. ಸೆದ್ರಾಕ್ ಪೀಚ್ ಹಂಚಿದ.
ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು.
"ಜನವರಿ, ಮೂರು ದಿನ ಗೈರುಹಾಜರಿ?
ನಾನು?
ಊರಿಗೇ ಕರೆಂಟಿರಲಿಲ್ಲ. ಆ ಕೋಣೆಗೆ ಒಂದೇ ಮೇಣದ ಬತ್ತಿ.
ಕೈಯಲ್ಲೇ ತಿರುಗಿಸಿ ತಿರುಗಿಸಿ
ನಾನೂರು ಮುಚ್ಚಳ ಬಿಗಿದಿದ್ದೇನೆ, ಇದೇ ಕೈ!
ಕತ್ತಲಲ್ಲಿ ಇವನಿಗೆ ಕಾಣಲಿಲ್ಲ, ಅಷ್ಟೇ."

ಪಿಂಚಣಿಗೆ ಆ ಮೂರು ದಿನ ಲೆಕ್ಕಕ್ಕಿಲ್ಲ ಅಜ್ಜಿ, ಎಂದೆ.
"ನನಗಿದೆ."
ಪ್ರಿಂಟು ತೆಗೆದುಕೊಟ್ಟೆ.
ಮಡಿಚಿ ಚೀಲಕ್ಕೆ ಹಾಕಿಕೊಂಡಳು, ಏಳಲಿಲ್ಲ.
"ಬರೆ, ಷೋಗೆರ್ ಜಾನ್. ಹ್ಮಾಯಕನಿಗೆ.
ಏನನ್ನೂ ಲಗತ್ತಿಸಬೇಡ.
ಈ ಬೈಗುಳ
ಗಂಟಿಲ್ಲದೆ, ಬಾಲವಿಲ್ಲದೆ
ನೇರ ಹೋಗಲಿ."