ನಿಷಿದ್ಧ ಗೆರೆ

ಪೊಟೊಸಿಯಲ್ಲಿ ನೀರು ಎಂಬತ್ತಾರು ಡಿಗ್ರಿಗೇ ಕುದಿಯುತ್ತದೆ.
ಆಲೂಗಡ್ಡೆ ಬೇಯುವಷ್ಟರಲ್ಲಿ ಒಂದು ಅಧ್ಯಾಯ ಓದಿ ಮುಗಿಸಬಹುದು;
ಅರ್ಥವಾಗುವುದು ಬೇರೆ ಮಾತು.

ಒಲೆಯ ಪಕ್ಕ, ಮೊಣಕಾಲ ಮೇಲೆ ಪುಸ್ತಕ:
ಡಬ್ಬಿಯೊಳಗೊಂದು ಕಣ.
ಗೋಡೆಗಳ ಎತ್ತರ ಅನಂತ, ಆಚೆ ಏನೂ ಇಲ್ಲ.
ಎಷ್ಟೇ ತಣ್ಣಗಾಗಲಿ, ಕಣ ಸುಮ್ಮನೆ ಕೂರುವಂತಿಲ್ಲ,
ಒಂದಿಷ್ಟು ಚಡಪಡಿಕೆ ಉಳಿದೇ ಉಳಿಯುತ್ತದೆ.
ಡಬ್ಬಿ ಕಿರಿದಾದಷ್ಟೂ ಅದು ಹೆಚ್ಚು.
ಇಷ್ಟನ್ನು ನನಗೆ ಯಾರೂ ಸಾಧಿಸಿ ತೋರಿಸಬೇಕಿರಲಿಲ್ಲ.
ನಾವು ಐದು ಜನ ಒಂದೇ ಕೋಣೆಯಲ್ಲಿ ಮಲಗುವವರು.

ಸುಳ್ಳೇಕೆ, ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಹತ್ತೊಂಬತ್ತು.
ಆಪರೇಟರ್ ಎಂದರೆ ನನಗೆ ಗೊತ್ತಿದ್ದದ್ದು
ಗಣಿಯ ಕಂಪ್ರೆಸರ್ ನಡೆಸುವ ಫೆರ್ಮಿನ್ ಮಾವ ಒಬ್ಬನೇ.
ಇಲ್ಲಿಯ ಆಪರೇಟರು ತರಂಗಫಲನವನ್ನು ಒಳಗೆ ಕಳಿಸಿದರೆ
ಅದೇ ಫಲನ, ಕೈಯಲ್ಲೊಂದು ಅಂಕೆ ಹಿಡಿದು, ಮರಳಿ ಬರಬೇಕಂತೆ.
ನನ್ನ ಹಾಳೆಯಲ್ಲಿ ಅದು ಮರಳಲಿಲ್ಲ,
ಬೆಟ್ಟದೊಳಗೆ ಹೋದ ಕೆಲವರ ಹಾಗೆ.

"ವರ್ಗ ಮಾಡುವುದು ಮರೆತೆ," ಎಂದರು ಪ್ರೊಫೆಸರ್ ಕಾಲಿಸಾಯಾ,
"ಮಾಡಿದರೂ ಸಿಗುವುದು 'ಇದೆ' ಅಲ್ಲ ಮಗೂ,
'ಇಲ್ಲಿ ಇರಬಹುದು, ಇಷ್ಟರಮಟ್ಟಿಗೆ'."
ಪಾಳಿ ಮುಗಿಯುವ ಹೊತ್ತಿಗೆ ಬೀದಿಬಾಗಿಲಲ್ಲಿ ನಿಂತು
ಅಪ್ಪನ ದಾರಿ ನೋಡುವ ಅಮ್ಮನಿಗೆ
ಈ ಲೆಕ್ಕ ಬಾಯಿಪಾಠ.

ಗುರುವಾರ ಲ್ಯಾಬು. ಕಿಟಕಿಗೆ ಕಪ್ಪು ಕಂಬಳಿ.
ಉಯುನಿಯ ಉಪ್ಪು ಒಂದು ಚಿಟಿಕೆ, ತಂತಿಯ ತುದಿಗೆ, ಜ್ವಾಲೆಗೆ.
ಭಗ್ಗೆಂದಿತು ಹಳದಿ,
ಬೇರೆ ಯಾರಿಗೂ ಬಾಯಿ ತೆರೆಯಗೊಡದ ದೊಡ್ಡಮ್ಮನ ಥರ.
ಕೊಳವೆಗೆ ಕಣ್ಣಿಟ್ಟು ಸೀಳನ್ನು ಕಿರಿದು ಮಾಡುತ್ತ ಹೋದೆ, ಇನ್ನೂ ಕಿರಿದು,
ಹಳದಿ ಎರಡು ಗೆರೆಯಾಯಿತು.
ಅತ್ತ ದೂರದ ಮೂಲೆಯಲ್ಲಿ
ಅಷ್ಟು ಹೊತ್ತೂ ಮಾತಿಲ್ಲದೆ ನಿಂತಿದ್ದ
ಒಂದೇ ಒಂದು ಕೆಂಪು: ಲಿಥಿಯಂ.
ಉಸಿರು ಬಿಡುವುದು ಮರೆತಿದ್ದೆ.
ನಾಲ್ಕು ಸಾವಿರ ಮೀಟರಿನಲ್ಲಿ ಹಾಗೆ ಮರೆಯಬಾರದು.

ಮರುದಿನ ಹಲಗೆಯ ಮೇಲೆ ಆಯ್ಕೆಯ ನಿಯಮಗಳು:
ಯಾವ ಮೆಟ್ಟಿಲಿಂದ ಯಾವ ಮೆಟ್ಟಿಲಿಗೆ ಜಿಗಿಯಬಹುದು,
ಯಾವುದಕ್ಕೆ ಕೂಡದು. ಕೂಡದ್ದರ ಹೆಸರು ನಿಷಿದ್ಧ.

ನಮ್ಮ ಬೆಟ್ಟಕ್ಕೂ ಇದೆ ಅಂಥದ್ದೊಂದು:
ಹೆಂಗಸು ಒಳಗೆ ಕಾಲಿಟ್ಟರೆ ಅದಿರಿನ ಎಳೆ ಮಾಯ.
ಅಜ್ಜಿ ಪೆಟ್ರೋನಿಲಾ ಮೂವತ್ತು ವರ್ಷ ಗಣಿಬಾಯಿಯ ಹೊರಗೇ ಕೂತು
ಗಂಡಸರು ಎಸೆದ ಕಲ್ಲು ಕುಟ್ಟಿದವಳು.
ಚೂರನ್ನು ನಾಲಿಗೆಗೆ ತಾಗಿಸಿ ಹೇಳುತ್ತಿದ್ದಳು,
ಇದು ತವರ, ಇದು ಸತು,
ಇದು ಬರೀ ಆಸೆ.

ಕೈ ಎತ್ತಿದೆ: "ನಿಷಿದ್ಧ ಅಂದರೆ ಎಂದೆಂದಿಗೂ ನಡೆಯುವುದಿಲ್ಲವಾ?"
ಪ್ರೊಫೆಸರು ಕೋಟಿನ ಸೀಮೆಸುಣ್ಣ ಕೊಡವಿದರು.
"ನಡೆಯುತ್ತದೆ. ಅಪರೂಪಕ್ಕೆ. ಗೆರೆ ತೀರಾ ಮಂಕು,
ಕತ್ತಲಲ್ಲಿ ಬಹಳ ಹೊತ್ತು ಕಾದವರಿಗೆ ಮಾತ್ರ.
ನಿಯಮ ನಿಂತಿರುವುದು ನಮ್ಮ ಅಂದಾಜಿನ ಮೇಲೆ;
ಅಣುವಿಗೆ ಆ ಅಂದಾಜು ಯಾರೂ ಹೇಳಿಲ್ಲ."

ರಾತ್ರಿ ಅಜ್ಜಿಗೆ ಇದನ್ನು ಕ್ವೆಚುವಾದಲ್ಲಿ ಹೇಳಹೊರಟೆ.
'ಅಣು' ಎನ್ನಲು 'ಕಣ್ಣಿಗೆ ಕಾಣದ ಕಲ್ಲಿನಮರಿ' ಅಂದೆ.
ಅಜ್ಜಿ ಸಿಪ್ಪೆ ಸುಲಿಯುತ್ತಲೇ ಇದ್ದಳು.
"ನಿನ್ನ ಅಜ್ಜ ಸತ್ತ ವರ್ಷ," ಅಂದಳು, "ತವರದ ಬೆಲೆ ಬಿದ್ದಿತ್ತು.
ಅವನ ಟೋಪಿ ಹಾಕಿಕೊಂಡು ಮೂರು ರಾತ್ರಿ ಒಳಗೆ ಹೋಗಿದ್ದೆ."

ಒಲೆ ಸುಯ್ಗುಟ್ಟಿತು.
"ಎಳೆ ಮಾಯವಾಯಿತಾ?"

"ಅಲ್ಲೇ ಇತ್ತು."
ಆಲೂಗಡ್ಡೆಗೆ ಕಡ್ಡಿ ಚುಚ್ಚಿ ನೋಡಿದಳು.
"ಇನ್ನೂ ಬೆಂದಿಲ್ಲ. ಓದು."