ಸರಪಳಿ ೧೪.೨೦೦

ತ್ರೈಮಾಸಿಕ ಸಭೆ, ಮಂಗಳೂರು, ಬೆಳಿಗ್ಗೆ ಹತ್ತೂವರೆ.
ಶುರುವಾದದ್ದು ಹನ್ನೊಂದೂಕಾಲಿಗೆ.
ಗೋಳಿಬಜೆಯ ಎಣ್ಣೆ ಅಷ್ಟರಲ್ಲೇ
ಅಜೆಂಡಾದ ಎರಡನೇ ಪುಟಕ್ಕೆ ಇಳಿದಿತ್ತು.

ಮೇಜಿನ ಈಚೆ ಇಲಾಖೆ, ಆಚೆ ಗುತ್ತಿಗೆದಾರರು,
ನಡುವೆ ಮುಚ್ಚಳ ತೆರೆಯದ ನೀರಿನ ಬಾಟಲಿಗಳು.
ಮೂಲೆಯಲ್ಲಿ ನಾನು, ನಡಾವಳಿ ಬರೆಯುವವಳು.
ಹದಿನಾರು ವರ್ಷದಿಂದ ನನ್ನ ವಾಕ್ಯಗಳಿಗೆ ಕರ್ತೃ ಇಲ್ಲ.
ಸೂಚಿಸಲಾಯಿತು. ಚರ್ಚಿಸಲಾಯಿತು. ಗಮನಕ್ಕೆ ತರಲಾಯಿತು.
ಯಾರು, ಯಾರಿಗೆ ಎಂದು ಕೇಳಬೇಡಿ.
‘ಲಾಯಿತು’ ಎಂಬ ಆ ಮಾಡಿನ ಅಡಿಯಲ್ಲಿ
ಇಡೀ ಜಿಲ್ಲೆ ನೆರಳಿಗೆ ನಿಲ್ಲಬಹುದು.

ಮೊದಲು ಎದ್ದವರು ಆಲ್ವಿನ್ ಸಲ್ಡಾನ್ಹ.
ಡಾಂಬರಿನ ದರ ಟೆಂಡರ್ ಹಾಕಿದ ದಿನದ್ದಲ್ಲ,
ಜಲ್ಲಿಗೆ ಪರ್ಮಿಟ್ ಇಲ್ಲ, ಲಾರಿ ಹಿಡಿಯುತ್ತಾರೆ,
ಹಳೇ ಬಿಲ್ಲಿಗೆ ಎಂಟು ತಿಂಗಳು ತುಂಬಿತು,
“ಯಾವ ಮೇಜಿನ ಮೇಲಿದೆ ಮೇಡಂ, ಅದಾದರೂ ಹೇಳಿ,
ಹೋಗಿ ಮುಖ ನೋಡಿಕೊಂಡಾದರೂ ಬರುತ್ತೇನೆ.”
ನಗು.
ನಗುವನ್ನು ಬರೆದುಕೊಳ್ಳುವ ಕ್ರಮವಿಲ್ಲ.

ಕಾರ್ಯಪಾಲಕ ಇಂಜಿನಿಯರ್ ವಾರಿಜಾ ಬಲ್ಲಾಳರು
ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.
“ಪತ್ತನಾಜೆಗೆ ಇನ್ನು ಐದು ವಾರ. ಆಮೇಲೆ
ನಿಮ್ಮ ಕಾರಣಗಳೂ ಒದ್ದೆ, ನನ್ನ ಆದೇಶಗಳೂ ಒದ್ದೆ.”

ಗುಂಡಿಮುಕ್ತ ರಸ್ತೆ ಎಂದು ಸುತ್ತೋಲೆ ಬಂದಿದೆ.
ಸುತ್ತೋಲೆ ಬರೆಯುವ ಊರಲ್ಲಿ ಗುಂಡಿ,
ನಮ್ಮಲ್ಲಿ ಹೊಂಡ.
ಗುಂಡಿ ಮುಚ್ಚಿದ್ದಕ್ಕೆ ಲೆಕ್ಕವಿದೆ.
ಹೊಂಡ ಹಾಗೇ ಇದೆ.

ವಿಷಯ ಏಳು:
ಸರಪಳಿ ೧೪.೨೦೦ರಿಂದ ೧೪.೩೫೦.
ನಾಲ್ಕು ವರ್ಷ, ಐದು ತೇಪೆ.
ಬಂದರಿನ ಟ್ಯಾಂಕರುಗಳ ಭಾರ ಎಂದರು ಒಬ್ಬರು,
ಪೈಪಿನವರು ಅಗೆದದ್ದು ಎಂದರು ಇನ್ನೊಬ್ಬರು,
ಮೆಸ್ಕಾಂ ಕಂಬದ ಮೇಲೂ ಸ್ವಲ್ಪ ಬಂತು.
ಪ್ರಯೋಗಾಲಯದ ಹುಡುಗ, ರಸ್ತೆ ಕೊರೆದು ತೆಗೆದ
ಕಪ್ಪು ಉರುಟು ತುಂಡೊಂದನ್ನು
ಕೇಕಿನಂತೆ ಮೇಜಿನ ನಡುವೆ ಇಟ್ಟ.
ದಪ್ಪ ಸರಿ ಇದೆ. ಸಾಂದ್ರತೆ ಸರಿ ಇದೆ.
ರಸ್ತೆ ಮಾತ್ರ ಇಲ್ಲ.

ಆಗ ಬಾಗಿಲ ಹತ್ತಿರ
ಸಲ್ಡಾನ್ಹರ ಫೈಲು ಹಿಡಿದು ನಿಂತಿದ್ದ ಚನಿಯ ಮೇಸ್ತ್ರಿ
“ಅಡಿಟ್ ನೀರ್ ಉಂಡು” ಎಂದ,
ಯಾರ ಮುಖವನ್ನೂ ನೋಡದೆ.

ಏಸಿಯ ಸದ್ದು ಕೇಳಿಸಿತು.

ಏನಂತೆ, ಎಂದರು ಬಲ್ಲಾಳರು.
“ಅಲ್ಲಿ ತೋಡು ಇತ್ತಮ್ಮ. ಅಗಲ ಮಾಡುವಾಗ
ಮಣ್ಣು ಹಾಕಿದ್ದು ನಾವೇ. ರೋಲರ್ ಬಿಟ್ಟದ್ದು ನಾನೇ.
ಮೋರಿ ಎಸ್ಟಿಮೇಟಿನಲ್ಲಿ ಇರಲಿಲ್ಲ.
ಊರಿನ ಹೆಸರೇ ನೀರ್ಪಾಡಿ ಅಲ್ವಾ.”

ಸುಮ್ಮನಿರು ಎಂದು ಯಾರೂ ಅನ್ನಲಿಲ್ಲ.
ಕುರ್ಚಿಯನ್ನೂ ಕೊಡಲಿಲ್ಲ.
ಸಲ್ಡಾನ್ಹ ತನ್ನ ಶೂ ನೋಡಿಕೊಂಡರು.
ಎಸ್ಟಿಮೇಟಿಗೆ ಸಹಿ ಹಾಕಿದವರು ಈಚೆ ಬದಿಯಲ್ಲೇ ಕೂತು
ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು.
ನಕಾಶೆ ಬಂತು. ಬಿಚ್ಚಿದರು.
ಕೆಂಪು ಗೆರೆ, ಹಸಿರು ಗೆರೆ, ಸರಪಳಿಯ ಅಂಕಿಗಳು.
ಊರಿಗೆ ಹೆಸರಿರಲಿಲ್ಲ.

ನನ್ನ ಪೆನ್ನು ‘ನಾವೇ’ ಎಂಬಲ್ಲಿ ಬಂದು ನಿಂತಿತ್ತು.
‘ನೀರು ಇರುವುದಾಗಿ ತಿಳಿಸಲಾಯಿತು’
ಎಂದು ಬರೆದೆ. ಹೊಡೆದುಹಾಕಿದೆ.
‘ನೀರ್ಪಾಡಿಯಲ್ಲಿ ತೋಡು ಇತ್ತು’ ಎಂದು ಬರೆದೆ.
ಸಹಿಗೆ ಹೋಗಿ ಬರುವಾಗ ಅದು ಉಳಿದಿರುತ್ತದೋ ಇಲ್ಲವೋ.
ಹದಿನಾರು ವರ್ಷದಲ್ಲಿ
ಇಷ್ಟು ಸಣ್ಣ ವಾಕ್ಯಕ್ಕೆ ಕೈ ಬೆವರಿದ್ದು ಇದೇ ಮೊದಲು.

ಊಟದ ಸಾಲಿನಲ್ಲಿ ಆಚೆ ಈಚೆ ಇರಲಿಲ್ಲ.
ಸುರತ್ಕಲ್ಲಿನಲ್ಲಿ ಒಟ್ಟಿಗೆ ಓದಿದವರು,
ಒಬ್ಬರ ತಟ್ಟೆಗೆ ಇನ್ನೊಬ್ಬರು ಉಪ್ಪಿನಕಾಯಿ ಬಡಿಸಿದರು.
ಚನಿಯ ಮೆಟ್ಟಿಲ ಮೇಲೆ ಕೂತು
ಫೈಲಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ.

ಸಂಜೆ ಸ್ಕೂಟರಿನಲ್ಲಿ ಮನೆಗೆ.
ನೀರ್ಪಾಡಿಯ ತಿರುವು ನನ್ನ ದಿನದ ದಾರಿ.
ಏಪ್ರಿಲ್ ಬಿಸಿಲಿಗೆ ಎಲ್ಲ ಒಣಗಿತ್ತು,
ಐದನೇ ತೇಪೆ ಹೊಸ ಚಪ್ಪಲಿಯಂತೆ ಮಿರುಗುತ್ತಿತ್ತು,
ಹೊಂಡದ ಗುರುತೇ ಇಲ್ಲ.
ಆದರೂ ಅಲ್ಲಿಗೆ ಬರುವಾಗ
ಹ್ಯಾಂಡಲ್ ತಾನಾಗಿ ಬಲಕ್ಕೆ ಹೊರಳಿತು.

ಹಿಂದಿದ್ದ ಸರ್ವಿಸ್ ಬಸ್ಸು ಹಾರ್ನ್ ಹೊಡೆದು ಬೈದು,
ಅಲ್ಲಿಗೆ ಬಂದು,
ತಾನೂ ಬಲಕ್ಕೆ ಹೊರಳಿತು.