ತೂಕದ ಫೈಲು

ರಾತ್ರಿ ಒಂದೂ ಹತ್ತಕ್ಕೆ ತೂಕ ಕೆಟ್ಟಿತು.
ಕರೆಂಟು ಹೋಗಿಲ್ಲ, ಯಂತ್ರ ನಿಂತಿಲ್ಲ,
ಕಟ್ಟೆಯ ಮೇಲೆ ಟ್ರ್ಯಾಕ್ಟರು ಕೂತಿದೆ, ಕೆಂಪು ಅಂಕಿ ಉರಿಯುತ್ತಿದೆ:
ಹದಿನಾಲ್ಕು ಸಾವಿರದ ಮುನ್ನೂರ ಇಪ್ಪತ್ತು ಕೇಜಿ.
ಚೀಟಿಯಲ್ಲಿ ಮಾತ್ರ
ಹದಿನಾಲ್ಕು.

"ನಮ್ಮನೆ ನಾಯಿ ಇದ್ಕಿಂತ ತೂಗ್ತದೆ ಕಣವ್ವ" ಎಂದು
ಬಸರಾಳಿನ ಜವರಪ್ಪ ಕಿಟಕಿಯೊಳಕ್ಕೆ ಚೀಟಿ ತೂರಿಸಿದ.
ಅವನ ಹಿಂದೆ ದುದ್ದದವರು, ಕೆರಗೋಡಿನವರು,
ಗೇಟಿನಾಚೆ ನಾಲೆಯ ಏರಿಯವರೆಗೂ ದೀಪ ಆರಿಸಿಕೊಂಡ ಗಾಡಿಗಳು.
ಕಡಿದ ಕಬ್ಬು ಕಾಯುವುದಿಲ್ಲ.
ನಿಂತಲ್ಲೇ ಹಗುರಾಗುತ್ತದೆ.

ಸಂಜೆ ನಾನು ಮಾಡಿದ್ದು ಇಷ್ಟೇ:
ತೂಕವಾದ ಕೂಡಲೇ ರೈತರ ಮೊಬೈಲಿಗೆ ಮೆಸೇಜು ಹೋಗಲಿ ಎಂದು
ಸರ್ವರಿಗೆ ಒಂದು ಮಾಡ್ಯೂಲು ಕರೆದೆ.
ಅದು ಒಂಟಿಯಾಗಿ ಬರಲಿಲ್ಲ.
ಬೀಗರನ್ನು ಕರೆದರೆ ಬೀಗರ ಬೀಗರೂ ವ್ಯಾನು ಹತ್ತಿದಂತೆ
ಮೂವತ್ತೊಂದು ಮಂದಿ ಇಳಿದರು;
ಒಬ್ಬನಿಗೆ ಇನ್ನೊಬ್ಬ ಬೇಕು, ಅವನಿಗೆ ಮತ್ತೊಬ್ಬ,
ಕೊನೆಯವನು ಒಳಗೆ ಬಂದವನೇ
ಅಂಕಿ ಬರೆಯುವ ಹಳೆಯ ಮಾಡ್ಯೂಲನ್ನು ಎಬ್ಬಿಸಿ ಕಳಿಸಿ
ಅದರ ಚಾಪೆಯ ಮೇಲೆ ಕಾಲು ಚಾಚಿದ.
'ಹೌದು' ಒತ್ತಿದವಳು ನಾನೇ. ಓದದೆ.

ಹಳೆಯ ಫೈಲು ಮುನಾವರ್ ಸಾಹೇಬರದು.
ಮೈಸೂರಿನ ಮಂಡಿ ಮೊಹಲ್ಲಾದಿಂದ ದಿನಾ ಪ್ಯಾಸೆಂಜರಿಗೆ ಬರುತ್ತಿದ್ದರಂತೆ.
ನಾನು ಐದನೇ ಕ್ಲಾಸಿನಲ್ಲಿದ್ದಾಗ ಬರೆದದ್ದು, ಪರ್ಲ್‌ನಲ್ಲಿ.
ಸಾಲಿನ ಪಕ್ಕ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಷರಾ:
'ಸೋಗೆ, ಬೇರು, ಮಣ್ಣು: ನೂರಕ್ಕೆ ಒಂದೂವರೆ ಕಳೆ.'
'ಎತ್ತಿನ ಗಾಡಿಯಾದರೆ ಎತ್ತು ಬಿಚ್ಚಿದ್ದಾರಾ ಕೇಳು.'
ಯಾರನ್ನು ಕೇಳಬೇಕು, ಪಾಪ, ಕಂಪ್ಯೂಟರು?

ಎರಡೂ ಮುಕ್ಕಾಲಿಗೆ ಸಿಕ್ಕಿತು: ಒಂದು ಕಾಮಾ.
ಹೊಸಬ ನಾಜೂಕಿನವನು,
ಸಾವಿರ ಮುಟ್ಟಿದರೆ ನಡುವೆ ಕಾಮಾ ಇಟ್ಟೇ ಬರೆಯುತ್ತಾನೆ.
ಸಾಹೇಬರ ಫೈಲಿಗೆ ಆ ರೂಢಿಯಿಲ್ಲ.
ಹದಿನಾಲ್ಕು ಎಂದು ಓದಿ, ಕಾಮಾ ಕಂಡು,
ಹೊಸ್ತಿಲಲ್ಲಿ ಹಾವು ಕಂಡವರ ಹಾಗೆ
ಅಲ್ಲೇ ನಿಂತುಬಿಟ್ಟಿದೆ.

ಹೊಸದನ್ನು ಕಿತ್ತೆ. ಪರ್ಮಿಟ್ಟಿನ ಪ್ರಿಂಟರು ಬಿತ್ತು.
ಹಳೆಯದನ್ನು ತಂದು ಕೂರಿಸಿದೆ. ಮೆಸೇಜು ಮುನಿಸಿಕೊಂಡಿತು.
ಇಬ್ಬರ ಹೆಸರೂ ಒಂದೇ, ಹಿಂದಿನ ನಂಬರು ಬೇರೆ;
ಹುಡುಕುವ ದಾರಿಯಲ್ಲಿ
ಮೊದಲು ಸಿಕ್ಕವನೇ ಮನೆಗೆ ಯಜಮಾನ.

ಜವರಪ್ಪ ಕಿಟಕಿಯಲ್ಲೇ ಗಲ್ಲ ಊರಿದ್ದ.
"ಏನವ್ವಾ ತಕರಾರು?"
ಒಬ್ಬನಿಗೆ ಮುದ್ದೆ ಗಟ್ಟಿ ಇರಬೇಕು, ಇನ್ನೊಬ್ಬನಿಗೆ ಮೆತ್ತಗೆ,
ಇರೋದು ಒಂದೇ ಮಡಕೆ, ಎಂದೆ, ತಲೆ ಎತ್ತದೆ.
"ಅಷ್ಟೇಯಾ? ನಮ್ಮನೇಲಿ ಬ್ಯಾರೆ ಒಲೆ ಹೂಡಿ ಒಂಬತ್ತು ವರ್ಸ ಆಯ್ತು.
ಜಗಲಿ ಒಂದೇಯ."
ಹೇಳಿ, ಬೀಡಿಗೆ ಕಡ್ಡಿ ಗೀರಿದ.
ಕಡ್ಡಿ ಎರಡು ಸಲ ಆರಿತು.

ಹಳೆಯ ಅಂಕಿಯವನಿಗೆ ಒಂದು ಕೋಣೆ,
ಸಾಹೇಬರ ಫೈಲಿನ ನೆತ್ತಿಯಲ್ಲಿ ಒಂದು ಸಾಲು: ಮೊದಲು ಇಲ್ಲಿ ನೋಡು.
ಮೂವತ್ತೊಂದು ಮಂದಿ ನೆಂಟರು ಹಿತ್ತಲ ಕಡೆಗೆ.
ಮೂರೂ ಮುಕ್ಕಾಲಿಗೆ ಚೀಟಿ ನೆಟ್ಟಗೆ ಬಂತು.
ಜವರಪ್ಪ ಬೆಳಕಿಗೆ ಹಿಡಿದು ಓದಿದ,
"ಇಪ್ಪತ್ತು ಕೇಜಿ ಕಮ್ಮಿ ಆಗದೆ" ಎಂದ.
ಆಗಿರಬಹುದು.
ಕಾದದ್ದು ಅವನ ಕಬ್ಬು, ನನ್ನ ಫೈಲಲ್ಲ.

ಷರಾಗಳ ಕೆಳಗೆ ನಾನೂ ಒಂದು ಬರೆದೆ, ಅವರದೇ ಅಕ್ಷರದಲ್ಲಿ:
'ಇಲ್ಲಿ ಎರಡು ಒಲೆ ಇವೆ. ಯಾವುದಕ್ಕೂ ನೀರು ಹುಯ್ಯಬೇಡಿ.
ಯೋಗಶ್ರೀ, ರಾತ್ರಿ ಪಾಳಿ.'

ಕಾಕಂಬಿ ವಾಸನೆಯ ಬೆಳಗಿನಲ್ಲಿ ಬಸ್ಸಿಗೆ ಕಾಯುತ್ತ
ಸಾಹೇಬರಿಗೆ ಮೆಸೇಜು ಹಾಕಿದೆ. ನಂಬರು ಗೇಟಿನವರು ಕೊಟ್ಟದ್ದು.
ರೈಲ್ವೆ ಗೇಟಿನಲ್ಲಿ ಬಸ್ಸು ನಿಂತಾಗ ಉತ್ತರ ಬಂತು:
"ತೂಕದ ಫೈಲಾ? ಇನ್ನೂ ಇದೆಯಾ?
ಅಯ್ಯೋ ಮಗಳೇ,
ಅದನ್ನ ಒಂದು ಸೀಸನ್ನಿಗೆ ಅಂತ ಬರೆದಿದ್ದೆ."